ಕುದಿಸುವ ಚಹಾ, ನೆನೆಸುವ ಚಹಾ

ಚಹಾದ ವಿಷಯದಲ್ಲಿ ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಕಟ್ಟುನಿಟ್ಟು ಇರುತ್ತದೆ. ಒಂದೇ ಮನೆಯಲ್ಲಿ, ಒಂದೇ ಡಬ್ಬಿಯ ಪುಡಿಯಿಂದ ಒಬ್ಬರಿಗೆ ನಾಲಗೆ ಒಗರಾಗುವಷ್ಟು ಖಡಕ್ಕಾದದ್ದು ಬೇಕಾದರೆ ಇನ್ನೊಬ್ಬರಿಗೆ ಹಾಲು ಮುಂದಾದದ್ದೇ ಬೇಕು. ಒಬ್ಬರು ಶುಂಠಿಯಿಲ್ಲದ ಚಹಾವನ್ನು ಚಹಾ ಎಂದೇ ಒಪ್ಪುವುದಿಲ್ಲ, ಇನ್ನೊಬ್ಬರ ಪಾಲಿಗೆ ಶುಂಠಿ ಬಿದ್ದೊಡನೆ ಅದು ಕಷಾಯವಾಗುತ್ತದೆ. ಇಂಥ ಇಷ್ಟಾನಿಷ್ಟಗಳನ್ನು ಜನ ಸಾಮಾನ್ಯವಾಗಿ ಅವರವರ ನಾಲಗೆಯ ಸ್ವಂತ ವಿಚಾರವೆಂದು ಬಿಟ್ಟುಬಿಡುತ್ತಾರೆ. ಆದರೆ ಎಲೆ ಯಾವ ಯಂತ್ರದಲ್ಲಿ ಹದವಾಯಿತು, ಊರಿನ ನೀರು ಮೆದುವೋ ಗಡಸೋ, ಹಾಲು ಎಮ್ಮೆಯದೋ ಹಸುವಿನದೋ, ಚಹಾ ಆ ಪ್ರದೇಶಕ್ಕೆ ಯಾವ ದಾರಿಯಿಂದ ಬಂತು ಎಂಬ ಸಂಗತಿಗಳು ನಾಲಗೆಯ ತೀರ್ಮಾನಕ್ಕೆ ಮೊದಲೇ ಅದರ ಗಡಿಗಳನ್ನು ಗೊತ್ತುಮಾಡಿಬಿಟ್ಟಿರುತ್ತವೆ. ಇದನ್ನು ಗಮನಿಸದ ಕಾರಣದಿಂದಲೇ, ಪಾತ್ರೆಯಲ್ಲಿ ಹಾಲು ಸಕ್ಕರೆಗಳ ಜೊತೆ ಕುದಿಸುವ ನಮ್ಮ ಚಹಾವನ್ನು ಕೆಟ್ಟ ಅಭ್ಯಾಸವೆಂದೂ, ಬಿಸಿನೀರಿನಲ್ಲಿ ಎಲೆಯನ್ನು ನೆನೆಸಿ ಬಸಿದುಕೊಳ್ಳುವ ಕ್ರಮವೇ ಶುದ್ಧವೆಂದೂ ಹೇಳುವ ಒಂದು ಅಭಿಪ್ರಾಯ ಚಹಾದ ಬಗ್ಗೆ ಬರೆಯುವವರಲ್ಲಿ ಬೇರೂರಿದೆ. ಆ ಅಭಿಪ್ರಾಯ ನಿಲ್ಲುವಂಥದ್ದಲ್ಲ. ಯಾಕೆ ನಿಲ್ಲುವುದಿಲ್ಲವೆಂಬುದನ್ನು ಎಲೆಯಿಂದಲೇ ಆರಂಭಿಸಿ ನೋಡಬೇಕು.

ಜಗತ್ತಿನಲ್ಲಿ ಚಹಾ ಎನಿಸಿಕೊಳ್ಳುವುದೆಲ್ಲ, ಹಸಿರಾಗಲಿ ಕಪ್ಪಾಗಲಿ, ಕ್ಯಾಮೆಲಿಯ ಸೈನೆನ್ಸಿಸ್ ಎಂಬ ಒಂದೇ ಸಸ್ಯದ ಚಿಗುರು. ಇದರಲ್ಲಿ ಚೀನಾದ ಗುಡ್ಡಗಳಿಗೆ ಒಗ್ಗಿದ ಸಣ್ಣೆಲೆಯ ಬಗೆ ಒಂದಾದರೆ, ಅಸ್ಸಾಮಿನ ತೇವದ ಬಯಲಿನಲ್ಲಿ ಬೆಳೆಯುವ ದೊಡ್ಡೆಲೆಯ ಬಗೆ ಇನ್ನೊಂದು. ಕೊಯ್ದ ಚಿಗುರನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟಾಗ ಎಲೆಯೊಳಗಿನ ಕ್ಯಾಟಿಕಿನ್‌ಗಳೆಂಬ ಬಣ್ಣವಿಲ್ಲದ ಒಗರು ವಸ್ತುಗಳು ಆಮ್ಲಜನಕದೊಡನೆ ಕೂಡಿ ಎರಡು ಹೊಸ ಬಗೆಯ ವಸ್ತುಗಳಾಗುತ್ತವೆ: ಚಹಾಕ್ಕೆ ಹೊಳಪನ್ನೂ ನಾಲಗೆಯನ್ನು ಚುರುಕುಗೊಳಿಸುವ ಗುಣವನ್ನೂ ಕೊಡುವ ಥಿಯಾಫ್ಲೇವಿನ್‌ಗಳು, ಮತ್ತು ಕೆಂಗಂದು ಬಣ್ಣವನ್ನೂ ಮೈಗಟ್ಟನ್ನೂ ಕೊಡುವ ಥಿಯಾರುಬಿಜಿನ್‌ಗಳು. ಕಪ್ಪು ಚಹಾ ಎನ್ನುವುದು ಈ ಪರಿವರ್ತನೆ ಪೂರ್ಣವಾದ ಎಲೆ. ಹಸಿರು ಚಹಾ ಎನ್ನುವುದು ಕೊಯ್ದೊಡನೆ ಬಿಸಿ ತಾಗಿಸಿ ಈ ಪರಿವರ್ತನೆಯನ್ನು ತಡೆದ ಎಲೆ. ಎಲೆಯನ್ನು ತುಂಡರಿಸದೆ, ಹೊಸೆದು ಸುರುಳಿ ಮಾಡಿ ತಯಾರಿಸುವ ಹಳೆಯ ಕ್ರಮಕ್ಕೆ ಆರ್ಥೊಡಾಕ್ಸ್ ಎಂಬ ಹೆಸರಿದ್ದು, ಡಾರ್ಜಿಲಿಂಗಿನ ಹೆಸರಾಂತ ಚಹಾಗಳು ಇಂದಿಗೂ ಈ ಕ್ರಮದಲ್ಲೇ ಆಗುತ್ತವೆ.

1930ರ ಸುಮಾರಿಗೆ ಅಸ್ಸಾಮಿನ ಆಮ್‌ಗೂರಿ ತೋಟದಲ್ಲಿ ವಿಲಿಯಂ ಮೆಕರ್ಚರ್ ರೂಪಿಸಿದ ಯಂತ್ರ ಈ ಕ್ರಮವನ್ನು ಬುಡಮೇಲು ಮಾಡಿತು. ಬೇರೆ ಬೇರೆ ವೇಗದಲ್ಲಿ ಎದುರುಬದುರಾಗಿ ತಿರುಗುವ ಹಲ್ಲುಳ್ಳ ಎರಡು ಉರುಳೆಗಳ ನಡುವೆ ಎಲೆಯನ್ನು ಹಾಯಿಸಿ, ಅದನ್ನು ಜಜ್ಜಿ, ಹರಿದು, ಸುರುಳಿಗೊಳಿಸಿ ಸಣ್ಣ ಹರಳುಗಳನ್ನಾಗಿ ಮಾಡುವ ಈ ಕ್ರಮವೇ ಸಿಟಿಸಿ. ಆ ಮೂರು ಕ್ರಿಯೆಗಳ ಇಂಗ್ಲಿಷ್ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ಹೆಸರದು. ಎಲೆಯ ಕೋಶಗಳು ಸಂಪೂರ್ಣವಾಗಿ ಒಡೆಯುವುದರಿಂದ ಗಾಳಿಯ ಕೆಲಸ ಬೇಗ ಮತ್ತು ಆಳವಾಗಿ ನಡೆಯುತ್ತದೆ, ಥಿಯಾಫ್ಲೇವಿನ್ ಹೆಚ್ಚುತ್ತದೆ, ಬಣ್ಣ ಗಾಢವಾಗುತ್ತದೆ. ಅದೇ ಕಾರಣಕ್ಕೆ ಎಲೆಯ ನವಿರಾದ ಸುವಾಸನೆಗಳಲ್ಲಿ ಬಹುಪಾಲು ಕಳೆದುಹೋಗುತ್ತದೆ. ಭಾರತದಲ್ಲಿ ಇಂದು ತಯಾರಾಗುವ ಚಹಾದಲ್ಲಿ ಬಹುದೊಡ್ಡ ಪಾಲು ಈ ಸಿಟಿಸಿ ಚಹಾವೇ. ಕಿರಾಣಿ ಅಂಗಡಿಯಲ್ಲಿ ಕಾಲು ಕಿಲೋ ಪೊಟ್ಟಣವಾಗಿ ಸಿಗುವ ಚಹಾಪುಡಿಯಲ್ಲಿ ಉತ್ತರ ಭಾರತದವರು ಸ್ವಲ್ಪ ದಪ್ಪ ಹರಳನ್ನು ಮೆಚ್ಚಿದರೆ, ದಕ್ಷಿಣದವರು ಡಸ್ಟ್ ಎಂದು ಕರೆಯಲಾಗುವ, ರವೆಗಿಂತ ನುಣ್ಣಗಿನ ದರ್ಜೆಯನ್ನು ಮೆಚ್ಚುತ್ತಾರೆ. ಇದು ಕಸದ ಧೂಳೆಂಬ ತಪ್ಪು ಕಲ್ಪನೆ ಹಲವರಲ್ಲಿದೆ. ವಾಸ್ತವದಲ್ಲಿ ಅದು ಜರಡಿಯಲ್ಲಿ ಬೇರ್ಪಡುವ ಕಣದ ಗಾತ್ರವನ್ನು ಸೂಚಿಸುವ ವ್ಯಾಪಾರದ ಹೆಸರು, ಒಳ್ಳೆಯ ಡಸ್ಟ್ ಚಹಾ ಹರಾಜಿನಲ್ಲಿ ಎಷ್ಟೋ ಎಲೆಚಹಾಗಳಿಗಿಂತ ಹೆಚ್ಚಿನ ಬೆಲೆ ಪಡೆಯುತ್ತದೆ.

ಕುದಿಸುವ ಕ್ರಮದ ಸಮರ್ಥನೆ ಇಲ್ಲಿಂದಲೇ ಹುಟ್ಟುತ್ತದೆ. ಸಿಟಿಸಿ ಪುಡಿಯನ್ನು ಬರಿಯ ಬಿಸಿನೀರಿನಲ್ಲಿ ನೆನೆಸಿ ಹಾಲಿಲ್ಲದೆ ಕುಡಿದರೆ, ಬಹುಪಾಲು ಮಂದಿಗೆ ಅದು ಒರಟು ಒಗರಾಗಿಯೇ ತೋರುತ್ತದೆ. ಹಾಲಿನಲ್ಲಿರುವ ಕೇಸೀನ್ ಎಂಬ ಪ್ರೋಟೀನ್ ಈ ಒಗರು ವಸ್ತುಗಳನ್ನು ತನಗೆ ಅಂಟಿಸಿಕೊಳ್ಳುತ್ತದೆ, ಅವು ಬಾಯಿಯ ಲಾಲಾರಸದ ಪ್ರೋಟೀನ್‌ಗಳ ಮೇಲೆ ಎರಗದಂತೆ ತಡೆಯುತ್ತದೆ. ಒಗರು ಮೆತ್ತಗಾಗಿ ಗಟ್ಟಿತನ ಮಾತ್ರ ಉಳಿಯುತ್ತದೆ. ಎಲೆಯಲ್ಲಿ ಈ ವಸ್ತುಗಳು ಹೇರಳವಾಗಿದ್ದರೆ ಮಾತ್ರ ಧಾರಾಳ ಹಾಲನ್ನು ಅದು ಹೊತ್ತುಕೊಳ್ಳಬಲ್ಲದು, ಧಾರಾಳ ಹಾಲಿದ್ದರೆ ಮಾತ್ರ ಅಂಥ ಎಲೆ ಹಿತವಾಗುತ್ತದೆ. ಡಾರ್ಜಿಲಿಂಗಿನ ವಸಂತದ ಮೊದಲ ಕೊಯ್ಲನ್ನು ಹಾಲಿನಲ್ಲಿ ಕುದಿಸಿದರೆ ಅದರ ಪರಿಮಳವೆಲ್ಲ ಆವಿಯಾಗಿ, ಉಳಿಯುವುದು ಬಿಸಿಹಾಲಿನ ರುಚಿ ಮಾತ್ರ. ನಮ್ಮ ಕಿರಾಣಿ ಅಂಗಡಿಯ ಪುಡಿಯನ್ನು ಪಿಂಗಾಣಿ ಕೆಟಲಿನಲ್ಲಿ ನೆನೆಸಿದರೆ ಅದರ ಶಕ್ತಿಗೆ ತಕ್ಕ ಜೊತೆ ಸಿಗದೆ ಕಹಿಯೇ ಮೆರೆಯುತ್ತದೆ. ಎರಡೂ ಕ್ರಮಗಳು ತಮ್ಮ ತಮ್ಮ ಎಲೆಗೆ ಸರಿ. ಒಂದರ ನಿಯಮದಿಂದ ಇನ್ನೊಂದನ್ನು ಅಳೆದಾಗ ಮಾತ್ರ ತಪ್ಪಾಗುತ್ತದೆ.

ಚಹಾವನ್ನು ಹೀಗೆಯೇ ಮಾಡಬೇಕೆಂದು ವಿಧಿಸುವ ಬರವಣಿಗೆ ಚಹಾದ ಸಾಹಿತ್ಯದಷ್ಟೇ ಹಳೆಯದು. ಎಂಟನೆಯ ಶತಮಾನದ ಚೀನಾದ ವಿದ್ವಾಂಸ ಲು ಯು ಬರೆದ, ಚಹಾವನ್ನು ಕುರಿತ ಮೊದಲ ಗ್ರಂಥವೆಂದು ಗಣಿಸಲಾಗುವ ಕೃತಿಯಲ್ಲಿ ನೀರಿನ ತಾರತಮ್ಯವಿದೆ: ಬೆಟ್ಟದ ಊಟೆಯ ನೀರು ಉತ್ತಮ, ಹೊಳೆಯ ನೀರು ಮಧ್ಯಮ, ಬಾವಿಯ ನೀರು ಅಧಮ. ನೀರು ಕುದಿಯುವ ಮೂರು ಹಂತಗಳನ್ನು ಗುಳ್ಳೆಗಳ ಗಾತ್ರದಿಂದ ಗುರುತಿಸುವ ಬಗೆಯೂ ಅಲ್ಲಿದೆ. ಆತನ ಕಾಲದ ಚೀನಾದಲ್ಲಿ ಜನ ಈರುಳ್ಳಿ, ಶುಂಠಿ, ಕಿತ್ತಳೆ ಸಿಪ್ಪೆ, ಪುದೀನ ಮುಂತಾದವನ್ನು ಚಹಾದ ಜೊತೆ ಕುದಿಸುತ್ತಿದ್ದರು. ಲು ಯು ಅದನ್ನು ಚರಂಡಿ ನೀರಿಗೆ ಸಮವೆಂದು ತಿರಸ್ಕರಿಸಿದ, ಆದರೆ ಚಿಟಿಕೆ ಉಪ್ಪನ್ನು ಮಾತ್ರ ತಾನೇ ಒಪ್ಪಿಕೊಂಡ. ಗಮನಿಸಬೇಕಾದದ್ದು ಇಷ್ಟು: ಆತನೂ ಚಹಾವನ್ನು ಕುದಿಸುತ್ತಿದ್ದವನೇ. ಅಂದಿನ ಚಹಾ, ಎಲೆಯನ್ನು ಹಬೆಯಲ್ಲಿ ಬೇಯಿಸಿ ಕುಟ್ಟಿ ಬಿಲ್ಲೆ ಮಾಡಿ ಒಣಗಿಸಿದ್ದು, ಅದನ್ನು ಸುಟ್ಟು ಪುಡಿಮಾಡಿ ಕುದಿಯುವ ನೀರಿಗೆ ಹಾಕುವುದೇ ಸರಿಯಾದ ಕ್ರಮವಾಗಿತ್ತು. ಎಲೆಯನ್ನು ನೆನೆಸಿ ಕುಡಿಯುವುದು ಚೀನಾದಲ್ಲಿ ವಾಡಿಕೆಯಾದದ್ದು, ಬಿಲ್ಲೆಚಹಾ ಹಿಂದೆ ಸರಿದು ಬಿಡಿ ಎಲೆ ಮುಂದೆ ಬಂದ ಮಿಂಗ್ ರಾಜವಂಶದ ಕಾಲದಲ್ಲಿ. ಎಲೆಯ ರೂಪ ಬದಲಾದಾಗ ಮಾಡುವ ಕ್ರಮವೂ ಬದಲಾಯಿತೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಡ.

ಇಂಗ್ಲೆಂಡಿನಲ್ಲಿ ಇಂಥ ವಿಧಿಗಳ ಪಟ್ಟಿಯನ್ನು ಎಲ್ಲರಿಗಿಂತ ಪ್ರಸಿದ್ಧವಾಗಿ ಕೊಟ್ಟವನು ಜಾರ್ಜ್ ಆರ್ವೆಲ್. 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಈ ಲೇಖಕ 1946ರ ಜನವರಿ 12ರಂದು ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯಲ್ಲಿ ಒಂದು ಒಳ್ಳೆಯ ಕಪ್ ಚಹಾದ ಬಗ್ಗೆ ಹನ್ನೊಂದು ನಿಯಮಗಳ ಪ್ರಬಂಧ ಬರೆದ. ಎಲೆ ಭಾರತದ್ದೋ ಸಿಲೋನಿನದ್ದೋ ಆಗಿರಬೇಕು, ಕೆಟಲು ಪಿಂಗಾಣಿ ಅಥವಾ ಮಣ್ಣಿನದಾಗಿರಬೇಕು, ಅದನ್ನು ಮೊದಲೇ ಬಿಸಿ ಮಾಡಿಕೊಂಡಿರಬೇಕು, ಸುಮಾರು ಒಂದು ಲೀಟರಿನ ಕೆಟಲಿಗೆ ಆರು ತುಂಬು ಚಮಚ ಎಲೆ ಬೀಳಬೇಕು, ನೀರು ಎಲೆಗೆ ತಾಗುವ ಕ್ಷಣದಲ್ಲಿ ಕುದಿಯುತ್ತಿರಬೇಕು, ಹಾಲಿನ ಕೆನೆ ತೆಗೆದಿರಬೇಕು, ಸಕ್ಕರೆ ಕೂಡದು. ಯುದ್ಧಕಾಲದಲ್ಲಿ, 1940ರ ಜುಲೈನಲ್ಲಿ ಆರಂಭವಾದ ಚಹಾದ ಪಡಿತರ ಬ್ರಿಟನ್ನಿನಲ್ಲಿ 1952ರವರೆಗೆ ಮುಂದುವರಿಯಿತು; ಪ್ರಬಂಧ ಬರೆದಾಗ ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದದ್ದು ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ. ಕೊರತೆಯ ಕಾಲದಲ್ಲೂ ತೆಳು ಚಹಾವನ್ನು ಒಪ್ಪದ ಆ ಹಟದಲ್ಲಿ ಒಂದು ಘನತೆಯಿದೆ, ಪಡಿತರದ ಪ್ರತಿ ಚಮಚವೂ ಲೆಕ್ಕದ್ದಾಗಿದ್ದಾಗ ಅದನ್ನು ಕೆಡಿಸದೆ ಬಳಸುವ ಕಾಳಜಿಯೂ ಇದೆ. ಆದರೆ ಆ ಹನ್ನೊಂದೂ ನಿಯಮಗಳು ಬಿಡಿ ಎಲೆಗೆ, ಹಸುವಿನ ತಣ್ಣನೆಯ ಹಾಲಿಗೆ, ಇಂಗ್ಲೆಂಡಿನ ಹವೆಗೆ ಹೊಂದಿದವು.

ಆರ್ವೆಲ್ ತನ್ನ ಪಟ್ಟಿಯಲ್ಲೇ ಅತಿ ಹೆಚ್ಚು ವಿವಾದದ ಅಂಶವೆಂದು ಗುರುತಿಸಿದ್ದು, ಕಪ್ಪಿಗೆ ಮೊದಲು ಬೀಳಬೇಕಾದದ್ದು ಹಾಲೋ ಚಹಾವೋ ಎಂಬುದನ್ನು. ಚಹಾ ಮೊದಲು ಎಂಬುದು ಆತನ ಪಕ್ಷ, ಯಾಕೆಂದರೆ ಹಾಗೆ ಮಾಡಿದಾಗ ಹಾಲಿನ ಅಳತೆ ಕೈಯ ಹಿಡಿತದಲ್ಲಿರುತ್ತದೆ. ಈ ಪುಟ್ಟ ಪ್ರಶ್ನೆ ಅದಕ್ಕೂ ಮೊದಲೇ ವಿಜ್ಞಾನದ ಇತಿಹಾಸದಲ್ಲಿ ಒಂದು ದೊಡ್ಡ ಸ್ಥಾನ ಪಡೆದಿತ್ತು. 1920ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಪಾಚಿಗಳ ಅಧ್ಯಯನ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಯಾವುದು ಮೊದಲು ಬಿದ್ದಿದೆಯೆಂದು ತಾನು ಕುಡಿದು ಹೇಳಬಲ್ಲೆನೆಂದಾಗ, ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಆ ಮಾತನ್ನು ಪರೀಕ್ಷಿಸುವ ಕ್ರಮವನ್ನು ಯೋಚಿಸಿದ. ಎಂಟು ಕಪ್ಪುಗಳಲ್ಲಿ ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು. ಕೊಡುವ ಅನುಕ್ರಮ ಯಾದೃಚ್ಛಿಕ, ಅಂದರೆ ಯಾರ ಇಚ್ಛೆಗೂ ಸಿಗದ ಚೀಟಿ ಎತ್ತಿದಂಥ ಕ್ರಮ. ಬರಿಯ ಊಹೆಯಿಂದ ಎಂಟನ್ನೂ ಸರಿಯಾಗಿ ವಿಂಗಡಿಸುವ ಸಾಧ್ಯತೆ 70ರಲ್ಲಿ ಒಂದು ಮಾತ್ರ. 1935ರಲ್ಲಿ ಪ್ರಕಟವಾದ ಪ್ರಯೋಗ ವಿನ್ಯಾಸದ ಬಗೆಗಿನ ಫಿಶರನ ಗ್ರಂಥದಲ್ಲಿ ಈ ಉದಾಹರಣೆ ಸೇರಿ, ಔಷಧಗಳ ಪರೀಕ್ಷೆಯವರೆಗೆ ಹಬ್ಬಿರುವ ಒಂದು ತರ್ಕಕ್ಕೆ ಬುನಾದಿಯಾಯಿತು. ಒಬ್ಬರ ರುಚಿಯ ಹಕ್ಕುಮಾತನ್ನು ತಳ್ಳಿಹಾಕದೆ, ಅದನ್ನು ಪರೀಕ್ಷೆಗೆ ತಕ್ಕದ್ದೆಂದು ಗೌರವಿಸಿದ ಈ ಪ್ರಸಂಗ ಚಹಾದ ಚರಿತ್ರೆಯಲ್ಲಿ ಸಿಗುವ ಅತ್ಯಂತ ಬೆಲೆಬಾಳುವ ಪ್ರಸಂಗಗಳಲ್ಲೊಂದು.

ಆರ್ವೆಲ್‌ನ ಜನ್ಮಶತಮಾನೋತ್ಸವದ ಸಮಯಕ್ಕೆ, 2003ರ ಜೂನ್ ತಿಂಗಳಲ್ಲಿ, ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಆತನ ಪಕ್ಷಕ್ಕೆ ವಿರುದ್ಧವಾದ ತೀರ್ಪು ಕೊಟ್ಟಿತು. ಬಿಸಿ ಚಹಾಕ್ಕೆ ಹಾಲನ್ನು ಸುರಿದಾಗ ಮೊದಲ ಹನಿಗಳು 75 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚಿನ ಬಿಸಿಗೆ ಸಿಕ್ಕಿ ಅವುಗಳಲ್ಲಿರುವ ಪ್ರೋಟೀನ್‌ನ ರಚನೆ ಮುರಿಯುತ್ತದೆ, ಕಾಯಿಸಿದ ಹಾಲಿನ ವಾಸನೆ ಬರುತ್ತದೆ, ಆದ್ದರಿಂದ ಹಾಲೇ ಮೊದಲಿರಬೇಕು ಎಂಬುದು ಅದರ ವಾದ. ಕನ್ನಡದ ಓದುಗರು ಈ ವಾದದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಅಲ್ಲಿ ದೋಷವೆಂದು ಹೆಸರಿಸಲಾದ ಆ ಕಾಯಿಸಿದ ಹಾಲಿನ ರುಚಿಯೇ ಇಲ್ಲಿ ಚಹಾದ ತಳಪಾಯ. ಹಾಲನ್ನು ಉಕ್ಕಿಸಿಯೇ ಬಳಸುವ, ಕೆನೆಗಟ್ಟಿದ ಹಾಲಿನ ರುಚಿಯನ್ನು ಎಳವೆಯಿಂದ ಬಲ್ಲ, ಪಾಯಸ ಬಾಸುಂದಿಗಳಲ್ಲಿ ಅದೇ ರುಚಿಯನ್ನು ಹುಡುಕುವ ಜನರಿಗೆ ಹಸಿಹಾಲಿನ ವಾಸನೆ ಉಳಿದ ಚಹಾವೇ ಅರೆಬೆಂದದ್ದು. ಒಂದೇ ರಾಸಾಯನಿಕ ಕ್ರಿಯೆ ಒಂದು ದೇಶದಲ್ಲಿ ಹಾಳಾಗುವಿಕೆ, ಇನ್ನೊಂದು ದೇಶದಲ್ಲಿ ಪಾಕ. ಐಎಸ್‌ಒ 3103 ಎಂಬ ಅಂತರರಾಷ್ಟ್ರೀಯ ಮಾನಕವೊಂದು 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, ಆರು ನಿಮಿಷ ನೆನೆತ ಎಂದು ನಿಗದಿಪಡಿಸಿರುವುದುಂಟು. ಆದರೆ ಅದು ರುಚಿಕಾರರು ಒಂದು ಮಾದರಿಯನ್ನು ಇನ್ನೊಂದರೊಡನೆ ಹೋಲಿಸಲು ಮಾಡಿಕೊಂಡ ಸಮಾನ ಅಳತೆ, ಕುಡಿಯುವವರಿಗೆ ಕೊಟ್ಟ ಆದೇಶವಲ್ಲ.

ಭಾರತದ ಚಹಾ ತೋಟಗಳಲ್ಲಿ ದುಡಿದವರು ಭಾರತೀಯರೇ ಆಗಿದ್ದರೂ ಅವರು ಚಹಾ ಕುಡಿಯುವವರಾದದ್ದು ಬಹಳ ತಡವಾಗಿ. 1903ರಲ್ಲಿ ಬೆಳೆಗಾರರ ಒತ್ತಾಯದ ಮೇಲೆಯೇ ಜಾರಿಗೆ ಬಂದ ಚಹಾ ಸೆಸ್, ಅಂದರೆ ರಫ್ತಿನ ಮೇಲಿನ ಒಂದು ಉಪಕರ, ಪ್ರಚಾರಕ್ಕೆ ಹಣ ಒದಗಿಸಿತು. 1930ರ ದಶಕದಲ್ಲಿ ಹೊರಗಿನ ಮಾರುಕಟ್ಟೆ ಕುಸಿದಾಗ ಆ ಪ್ರಚಾರ ಬಿರುಸಾಗಿ ಊರೂರಿಗೆ, ರೈಲು ನಿಲ್ದಾಣಗಳಿಗೆ, ಕಾರ್ಖಾನೆಗಳಿಗೆ ಬಂತು. ಫಲಕಗಳ ಮೇಲೆ ಬರೆದು ಕಲಿಸಿದ್ದು ಕೆಟಲಿನಲ್ಲಿ ನೆನೆಸುವ ಇಂಗ್ಲಿಷ್ ಕ್ರಮವನ್ನೇ. ವಿರೋಧವೂ ಇತ್ತು, 1940ರ ದಶಕದಲ್ಲಿ ಆಗಾ ಖಾನ್ ಅರಮನೆಯ ಸೆರೆಯಲ್ಲಿ ಆರೋಗ್ಯದ ಬಗ್ಗೆ ಬರೆದ ಗಾಂಧೀಜಿ, ಚರ್ಮ ಹದಮಾಡಲು ಬಳಸುವ ಟ್ಯಾನಿನ್ ಚಹಾದಲ್ಲಿದೆಯೆಂದೂ ಅದು ಜಠರಕ್ಕೆ ಒಳ್ಳೆಯದಲ್ಲವೆಂದೂ ಎಚ್ಚರಿಸಿದರು. ಸ್ವಾತಂತ್ರ್ಯದ ನಂತರ ಅಗ್ಗದ ಸಿಟಿಸಿ ಪುಡಿ ಎಲ್ಲೆಡೆ ಹರಡಿದಾಗ ಜನ ಫಲಕದ ಸೂಚನೆಯನ್ನು ಬದಿಗಿಟ್ಟು, ಕಷಾಯ ಮಾಡಿ ಬಲ್ಲ ತಮ್ಮ ಕೈಯ ಅನುಭವವನ್ನು ಅದಕ್ಕೆ ಹೂಡಿದರು: ನೀರು, ಮಸಾಲೆ, ಪುಡಿ, ಹಾಲು, ಸಿಹಿ, ಎಲ್ಲವೂ ಒಂದೇ ಪಾತ್ರೆಯಲ್ಲಿ. ಇಂದು ದೇಶ ವರ್ಷಕ್ಕೆ ಬೆಳೆಯುವ ಸುಮಾರು 130 ಕೋಟಿ ಕಿಲೋ ಚಹಾದಲ್ಲಿ ಐದರಲ್ಲಿ ನಾಲ್ಕು ಪಾಲು ಇಲ್ಲಿಯೇ ಖರ್ಚಾಗುತ್ತಿರುವುದಕ್ಕೆ ಪ್ರಚಾರ ಕಾರಣವೆನ್ನುವುದಕ್ಕಿಂತ ಅಡುಗೆಮನೆಯ ಈ ಸ್ವಂತ ಬುದ್ಧಿ ಕಾರಣವೆನ್ನುವುದು ಹೆಚ್ಚು ಸರಿ.

ಕರ್ನಾಟಕದ ಮಟ್ಟಿಗೆ ಚಹಾದ ನಕ್ಷೆ ಹಳೆಯ ಆಡಳಿತ ಪ್ರಾಂತ್ಯಗಳ ನಕ್ಷೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಕಾಫಿ ಬೆಳೆಯುವ ಮಲೆನಾಡಿಗೆ ಹತ್ತಿರದ ಹಳೆ ಮೈಸೂರಿನಲ್ಲಿ ಬೆಳಗಿನ ಪಾನ ಕಾಫಿಯೇ ಆಗಿದ್ದರೆ, ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ ಕಡೆಗೆ ಮನೆಗೆ ಬಂದವರಿಗೆ ಮೊದಲು ಕೇಳುವ ಮಾತು ಚಹಾದ್ದು. ಎಮ್ಮೆಯ ಹಾಲಿನ ಬಳಕೆ ಹೆಚ್ಚಿರುವ ಆ ಸೀಮೆಯಲ್ಲಿ ಚಹಾ ಖಡಕ್ ಆಗಿರುವುದು ಬರಿಯ ಸ್ವಭಾವದ ಮಾತಲ್ಲ. ಎಮ್ಮೆ ಹಾಲಿನಲ್ಲಿ ಕೊಬ್ಬೂ ಕೇಸೀನೂ ಹಸುವಿನ ಹಾಲಿಗಿಂತ ಹೆಚ್ಚು, ತೆಳು ಡಿಕಾಕ್ಷನ್ ಅದರಲ್ಲಿ ಮುಳುಗಿಹೋಗುತ್ತದೆ. ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್ ಕಡೆ ಹೈದರಾಬಾದಿನ ಇರಾನಿ ಚಹಾದ ಪ್ರಭಾವವಿದೆ. ಅಲ್ಲಿ ಪುಡಿ ಮತ್ತು ಹಾಲು ಒಟ್ಟಿಗೆ ಕುದಿಯುವುದಿಲ್ಲ, ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಬಹಳ ಹೊತ್ತು ಇಟ್ಟ ಡಿಕಾಕ್ಷನ್ನಿಗೆ ಬೇರೆಯಾಗಿ ಬತ್ತಿಸಿದ ಹಾಲನ್ನು ಬೆರೆಸುತ್ತಾರೆ. ಕರಾವಳಿಯಲ್ಲಿ ಕೇರಳದ ಕ್ರಮ ಕಾಣುತ್ತದೆ: ಬಟ್ಟೆಯ ಚೀಲದಲ್ಲಿ ಡಸ್ಟ್ ಪುಡಿಯಿಟ್ಟು ಕುದಿನೀರು ಹಾಯಿಸಿ ಇಳಿಸಿದ ರಸಕ್ಕೆ ಹಾಲು ಕೂಡಿಸಿ, ಎತ್ತರದಿಂದ ಎರೆದು ನೊರೆ ಎಬ್ಬಿಸುವುದು. ಭಟ್ಕಳ, ಮಂಗಳೂರುಗಳ ಮುಸ್ಲಿಂ ಮನೆಗಳಲ್ಲಿ ಭಾರಿ ಊಟದ ನಂತರ ನಿಂಬೆರಸದ, ಹಾಲಿಲ್ಲದ ಸುಲೈಮಾನಿಗೆ ಇರುವ ಸ್ಥಾನ ಕೊಲ್ಲಿ ದೇಶಗಳೊಡನೆ ಆ ಊರುಗಳಿಗಿರುವ ನಂಟನ್ನು ನೆನಪಿಸುತ್ತದೆ. ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆನಿಂತ ಟಿಬೆಟನ್ನರ ಹಿರಿಯ ಮನೆಗಳಲ್ಲಿ ಬೆಣ್ಣೆ ಮತ್ತು ಉಪ್ಪು ಕಡೆದು ಬೆರೆಸಿದ ಚಹಾ ಇದೆ. ಸಿಹಿಯಿಲ್ಲದ, ಸಾರಿನಂಥ ಆ ಪಾನವನ್ನು ಚಹಾದ ಅಪವಾದವೆಂದು ಭಾವಿಸುವುದು ಸಲ್ಲ, ಸಕ್ಕರೆ ಸೇರಿದ ಚಹಾಕ್ಕಿಂತ ಅದರ ಪರಂಪರೆ ಹಳೆಯದು.

ಮಾಡುವ ಕ್ರಮದಲ್ಲಿ ಒಂದೊಂದು ಮನೆಯೂ ರಹಸ್ಯವೆಂದು ಕಾಪಾಡಿಕೊಳ್ಳುವ ಸಂಗತಿಗಳಿಗೆ ಬಹುತೇಕ ಸ್ಪಷ್ಟ ಕಾರಣಗಳಿವೆ. ಹಸಿಶುಂಠಿಯನ್ನು ಹಾಲಿಗೆ ನೇರವಾಗಿ ಹಾಕಿದರೆ ಹಾಲು ಒಡೆಯಬಹುದು, ಏಕೆಂದರೆ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಕತ್ತರಿಸುವ ಕಿಣ್ವವೊಂದಿದೆ. ಜಜ್ಜಿದ ಶುಂಠಿಯನ್ನು ನೀರಿನಲ್ಲಿ ಮೊದಲೇ ಚೆನ್ನಾಗಿ ಕುದಿಸಿದರೆ ಆ ಕಿಣ್ವ ಬಿಸಿಗೆ ನಿಷ್ಕ್ರಿಯವಾಗುತ್ತದೆ, ಖಾರ ಮಾತ್ರ ಉಳಿಯುತ್ತದೆ. ಬೆಲ್ಲದ ಚಹಾ ಮಾಡುವವರು ಬೆಲ್ಲವನ್ನು ಕೊನೆಗೆ, ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಾಕುವುದೂ ಇಂಥದೇ ಮುನ್ನೆಚ್ಚರಿಕೆ: ಬೆಲ್ಲದ ಹುಳಿಯಂಶ ಮತ್ತು ಲವಣಗಳು ಕುದಿಯುವ ಹಾಲನ್ನು ಒಡೆಸುತ್ತವೆ. ಏಲಕ್ಕಿಯ ಪರಿಮಳ ಬೇಗ ಹಾರಿಹೋಗುವ ತೈಲದ್ದಾದ್ದರಿಂದ ಅದನ್ನು ಕಡೆಗೆ ಜಜ್ಜಿ ಹಾಕಿ ಮುಚ್ಚುವುದು ಲೇಸು. ಚಕ್ಕೆ, ಕಾಳುಮೆಣಸುಗಳು ಮೊದಲಿನಿಂದ ಕುದಿದರೂ ಅಡ್ಡಿಯಿಲ್ಲ. ಪುಡಿ ಹಾಕಿದ ಮೇಲೆ ಎಷ್ಟು ಹೊತ್ತು ಕುದಿಸಬೇಕೆಂಬಲ್ಲಿ ಮಾತ್ರ ನಿಜವಾದ ವೈಯಕ್ತಿಕ ಆಯ್ಕೆಗೆ ಅವಕಾಶವಿದೆ. ನುಣ್ಣನೆಯ ಪುಡಿಯಿಂದ ಬಣ್ಣವೂ ಕೆಫೀನೂ ಮೊದಲ ಒಂದೆರಡು ನಿಮಿಷಗಳಲ್ಲೇ ಬಹುಪಾಲು ಬಿಟ್ಟುಕೊಳ್ಳುತ್ತವೆ. ಆಮೇಲಿನ ಪ್ರತಿ ನಿಮಿಷವೂ ಒಗರನ್ನು ಕೂಡಿಸುತ್ತಾ ಪರಿಮಳವನ್ನು ಕಳೆಯುತ್ತಾ ಹೋಗುತ್ತದೆ. ಹಾಲು ಸೇರಿದ ಮೇಲೆ ಎರಡು ಬಾರಿ ಉಕ್ಕಿಸಿ ಇಳಿಸುವವರ ಚಹಾಕ್ಕೂ ಹತ್ತು ನಿಮಿಷ ಬತ್ತಿಸುವವರ ಚಹಾಕ್ಕೂ ಇರುವ ಅಂತರ ಇದೇ. ಸೋಸಿದ ಚರಟಕ್ಕೆ ಮತ್ತೆ ನೀರು ಹೊಯ್ದು ಕುದಿಸುವುದನ್ನು, ಒಮ್ಮೆ ಮಾಡಿಟ್ಟದ್ದನ್ನು ಸಂಜೆಯವರೆಗೆ ಬಿಸಿ ಮಾಡುತ್ತಾ ಹೋಗುವುದನ್ನು ಮಾತ್ರ ಯಾವ ಎಲೆಯ ನೆಪದಲ್ಲೂ ಸಮರ್ಥಿಸುವಂತಿಲ್ಲ.

ನೀರಿನ ಪಾತ್ರವನ್ನು ಗಮನಿಸುವವರು ಕಡಿಮೆ. ಕೋಲಾರದಂಥ ಜಿಲ್ಲೆಗಳ ಕೊಳವೆಬಾವಿಯ ಗಡಸು ನೀರಿನಲ್ಲಿ, ಅಂದರೆ ಸುಣ್ಣದ ಅಂಶ ಕರಗಿರುವ ನೀರಿನಲ್ಲಿ, ಹಾಲಿಲ್ಲದ ಚಹಾ ಮಾಡಿದರೆ ಮೇಲೆ ತೆಳುವಾದ ಒಂದು ಪೊರೆ ಕಟ್ಟುತ್ತದೆ. ಅದು ಕ್ಯಾಲ್ಸಿಯಂ ಮತ್ತು ಚಹಾದ ಒಗರು ವಸ್ತುಗಳು ಗಾಳಿಯ ಸಂಪರ್ಕದಲ್ಲಿ ಕೂಡಿ ಆದದ್ದು. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಪೊರೆ ಕಟ್ಟುವುದಿಲ್ಲ, ಬಣ್ಣವೂ ತಿಳಿಯಾಗುತ್ತದೆ. ಮಳೆ ಹೆಚ್ಚಿರುವ ಮಲೆನಾಡಿನ ಮೆದುನೀರಿನಲ್ಲಿ ಅದೇ ಪುಡಿ ಹೆಚ್ಚು ಹೊಳಪಿನ ಬಣ್ಣ ಕೊಡುತ್ತದೆ. ಇದಲ್ಲದೆ ಎತ್ತರದ ಪರಿಣಾಮವೂ ಉಂಟು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, ಊಟಿಯಲ್ಲಿ 93ರ ಆಸುಪಾಸಿಗೆ. ಊರು ಬದಲಿಸಿದವರು ತಮ್ಮ ಚಹಾ ಕೈತಪ್ಪಿತೆಂದು ಭಾವಿಸುವಾಗ ಎಷ್ಟೋ ಸಲ ತಪ್ಪಿರುವುದು ಕೈಯಲ್ಲ, ನೀರು.

ಕುಡಿಯುವ ರೀತಿಯಲ್ಲೂ ಇಂಥದೇ ವಿವೇಕವಿದೆ. ಉತ್ತರ ಕರ್ನಾಟಕದಲ್ಲಿ ಕಪ್ಪಿನ ಚಹಾವನ್ನು ಬಸಿಗೆ ಸುರಿದುಕೊಂಡು ಹೀರುವ ಹಳೆಯ ರೂಢಿಯನ್ನು ನಾಗರಿಕರೆನಿಸಿಕೊಂಡವರು ಹಳ್ಳಿತನವೆಂದು ಬಿಟ್ಟರು. ಆದರೆ ಅಗಲವಾದ ಬಸಿ ಚಹಾವನ್ನು ಬೇಗ ಆರಿಸುತ್ತದೆ, ಮತ್ತು 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣವಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ವರ್ಗೀಕರಿಸಿರುವುದನ್ನು ನೋಡಿದರೆ ಆ ರೂಢಿಯಲ್ಲಿ ತಪ್ಪೇನೂ ಕಾಣುವುದಿಲ್ಲ. ಚಹಾದ ಒಗರು ವಸ್ತುಗಳು ಸಸ್ಯಾಹಾರದ ಕಬ್ಬಿಣದಂಶವನ್ನು ಕಟ್ಟಿಹಾಕುವುದರಿಂದ, ಊಟಕ್ಕೆ ಒಂದು ಗಂಟೆ ಮೊದಲೂ ಒಂದು ಗಂಟೆ ನಂತರವೂ ಚಹಾ ಬೇಡವೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರ ಆಹಾರ ಸೂಚಿಯಲ್ಲಿ ಹೇಳಿದೆ; ರಕ್ತಹೀನತೆ ವ್ಯಾಪಕವಾಗಿರುವ ನಾಡಿನಲ್ಲಿ, ಅದರಲ್ಲೂ ರೊಟ್ಟಿಯ ಜೊತೆಗೇ ಚಹಾ ಕುಡಿಯುವ ಮನೆಗಳಲ್ಲಿ, ಹೆಣ್ಣುಮಕ್ಕಳ ಮಟ್ಟಿಗೆ ಇದು ಸಣ್ಣ ಮಾತಲ್ಲ. ಲೋಟದ ಆಯ್ಕೆ ಎಲ್ಲ ಕಾಲಕ್ಕೂ ಎಲ್ಲರ ಸ್ವಂತ ಆಯ್ಕೆಯಾಗಿರಲಿಲ್ಲವೆಂಬುದನ್ನೂ ಇಲ್ಲಿ ಹೇಳಲೇಬೇಕು. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆ ಪ್ರತ್ಯೇಕ ಲೋಟವಿಟ್ಟು, ಕುಡಿದ ಮೇಲೆ ಅವರಿಂದಲೇ ತೊಳೆಸಿಡುವ ಪದ್ಧತಿ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಶಿಕ್ಷಾರ್ಹವಾದ ಮೇಲೂ ಎಷ್ಟೋ ಕಾಲ ಬಹಿರಂಗವಾಗಿಯೇ ನಡೆದುಕೊಂಡು ಬಂತು. ಬೆಂಗಳೂರಿನ ದರ್ಶಿನಿಯಲ್ಲಿ ಬೈಟೂ ಎಂದು ಒಂದು ಚಹಾವನ್ನು ಇಬ್ಬರು ಹಂಚಿಕೊಳ್ಳುವ ಸಲಿಗೆಗೆ ಇರುವ ಬೆಲೆ ಗೊತ್ತಾಗಬೇಕಾದರೆ ಈ ಚರಿತ್ರೆಯೂ ಗೊತ್ತಿರಬೇಕು.

ಕುಡಿಯುವವರ ಮೆಚ್ಚುಗೆ ತೋಟದವರೆಗೆ ಹಿಂದಿರುಗಿ ಹೋಗಿ ಅಲ್ಲಿನ ಬದುಕನ್ನು ತಿದ್ದುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಕೆಳಗೂರಿನಂಥ ಕೆಲವು ತೋಟಗಳನ್ನು ಬಿಟ್ಟರೆ ಕರ್ನಾಟಕದಲ್ಲಿ ಚಹಾದ ಬೆಳೆ ಹೆಚ್ಚಿಲ್ಲ. ಕನ್ನಡಿಗರ ಲೋಟಕ್ಕೆ ಹತ್ತಿರದ ದೊಡ್ಡ ಸೀಮೆಯೆಂದರೆ ಗಡಿಯಾಚೆಯ ನೀಲಗಿರಿ. ಅಲ್ಲಿ ಎಕರೆ ಎರಡೆಕರೆ ಹಿಡುವಳಿಯ ಹತ್ತಾರು ಸಾವಿರ ಸಣ್ಣ ಬೆಳೆಗಾರರಲ್ಲಿ ಬಹುಸಂಖ್ಯಾತರು ಬಡಗರು, ಕನ್ನಡಕ್ಕೆ ಅತಿ ಹತ್ತಿರದ ನುಡಿಯಾಡುವ ಜನ. ಅವರ ಹಸಿರೆಲೆಯನ್ನು ಕೊಳ್ಳುವ ಕಾರ್ಖಾನೆಗಳು ಹೆಚ್ಚಾಗಿ ಮಾಡುವುದು ಸಿಟಿಸಿ ಪುಡಿಯನ್ನು, ಬೆಲೆ ನಿಂತಿರುವುದು ಕೂನೂರಿನ ಹರಾಜಿನ ಮೇಲೆ. ಬಣ್ಣ ಬಂದರೆ ಸಾಕು, ಅಗ್ಗವಾಗಿದ್ದರೆ ಸಾಕು ಎನ್ನುವ ಕೊಳ್ಳುವವರಿದ್ದಲ್ಲಿ, ಎರಡೆಲೆ ಒಂದು ಮೊಗ್ಗನ್ನು ಮಾತ್ರ ಬಿಡಿಸುವ ಶ್ರಮಕ್ಕೆ ಬೆಲೆ ಸಿಗುವುದಿಲ್ಲ; ಬಲಿತ ಎಲೆಯೂ ಬುಟ್ಟಿಗೆ ಬೀಳುತ್ತದೆ, ಪುಡಿಯ ಗುಣ ಇಳಿಯುತ್ತದೆ, ಬೆಲೆ ಮತ್ತೂ ಇಳಿಯುತ್ತದೆ. ಕುದಿಸುವ ಚಹಾವನ್ನು ಸಮರ್ಥಿಸುವುದೆಂದರೆ ಕಳಪೆ ಪುಡಿಯನ್ನು ಸಮರ್ಥಿಸುವುದಲ್ಲ. ಒಳ್ಳೆಯ ಸಿಟಿಸಿ ಹರಳು ಒಂದೇ ಸಮನಾದ ಗಾತ್ರದ್ದಾಗಿ, ನಾರು ಕಡ್ಡಿಗಳಿಲ್ಲದೆ, ಕಂದುಗಪ್ಪು ಹೊಳಪಿನದಾಗಿರುತ್ತದೆ. ತಣ್ಣೀರಿಗೆ ಒಂದು ಚಿಟಿಕೆ ಹಾಕಿದೊಡನೆ ಬಣ್ಣ ಹರಿದರೆ ಅದರಲ್ಲಿ ಕೃತಕ ಬಣ್ಣ ಬೆರೆತಿರಬಹುದೆಂದು ಅನುಮಾನಿಸಬೇಕು.

ಅದೇ ನೀಲಗಿರಿಯಲ್ಲಿ ಡಿಸೆಂಬರಿನಿಂದ ಫೆಬ್ರುವರಿಯವರೆಗೆ, ಚಳಿಗೆ ಗಿಡದ ಬೆಳವಣಿಗೆ ನಿಧಾನವಾದಾಗ, ಹೂವಿನ ಪರಿಮಳದ ಆರ್ಥೊಡಾಕ್ಸ್ ಎಲೆಚಹಾ ಅಷ್ಟಿಷ್ಟು ತಯಾರಾಗುತ್ತದೆ. ನೆನೆಸುವ ಕ್ರಮ ತನ್ನ ಪೂರ್ಣ ಅರ್ಹತೆಯನ್ನು ತೋರಿಸುವುದು ಇಂಥ ಎಲೆಯಲ್ಲಿ: ಒಂದು ಲೋಟಕ್ಕೆ, ಅಂದರೆ ಸುಮಾರು 150 ಮಿಲಿಲೀಟರಿಗೆ ಎರಡೂವರೆ ಮೂರು ಗ್ರಾಂ ಎಲೆ, ಕುದಿ ಇಳಿದು ಅರೆನಿಮಿಷವಾದ ನೀರು, ಮೇಲೊಂದು ಮುಚ್ಚಳ, ಮೂರು ನಿಮಿಷದ ಕಾಯುವಿಕೆ, ಹಾಲೂ ಬೇಡ, ಸಕ್ಕರೆಯೂ ಬೇಡ. ಬೆಳಿಗ್ಗೆ ಶುಂಠಿ ಹಾಕಿ ಕುದಿಸಿದ ಖಡಕ್ ಚಹಾ ಕುಡಿಯುವ ಮನೆಯಲ್ಲೇ ಮಧ್ಯಾಹ್ನ ಮೂರು ಗಂಟೆಗೆ ಇದಕ್ಕೂ ಜಾಗ ಮಾಡಿಕೊಡಬಹುದು, ಡಬ್ಬಿಗಳು ಮಾತ್ರ ಬೇರೆ ಬೇರೆಯಾಗಿರಬೇಕು.